ಪರಿಸರ ಹೋರಾಟಗಳ ಅಧ್ಯಯನ ಒಂದು ಕೆಲಸವಾ?

ಬಿ.ಎ. ಮುಗಿಸಿದ್ದೀರಿ. ಪರಿಸರ ಚಳವಳಿ, ಕಾಡು-ನೀರಿನ ಆಡಳಿತದ ಬಗ್ಗೆ ಸಂಶೋಧನೆ ಮಾಡಬೇಕೆಂಬ ಆಸೆ. ಅದರಿಂದ ಹೊಟ್ಟೆ ತುಂಬುತ್ತಾ ಅಂತ ಕೇಳಿದ್ದೀರಿ.

ತುಂಬುತ್ತದೆ, ಆದರೆ ತಡವಾಗಿ. ಪಿಎಚ್‌ಡಿಗೇ ಐದಾರು ವರ್ಷ ಹಿಡಿಯುತ್ತದೆ. ಬೆಂಗಳೂರಿನ ಐಸೆಕ್, ಏಟ್ರೀಯಂಥ ಸಂಶೋಧನಾ ಸಂಸ್ಥೆಗಳಲ್ಲಿ ವಿಚಾರಿಸಿ. ನಾನು 22 ವರ್ಷದಿಂದ ಇದರಲ್ಲೇ ಇದ್ದೇನೆ.

ಕೆಲಸ ಹೇಗಿರುತ್ತೆ ಅಂತ ಹೇಳ್ತೀನಿ. 1980ರ ದಶಕದಲ್ಲಿ ನಮ್ಮ ರಾಜ್ಯ ಸರ್ಕಾರ ಒಂದು ಕಾರ್ಖಾನೆಯ ಜೊತೆ ಸೇರಿ ಕಂಪನಿ ಮಾಡಿಕೊಂಡು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನಿನಲ್ಲಿ ನೀಲಗಿರಿ ಬೆಳೆಸಲು ಹೊರಟಿತು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತರು, ಅದೇ ಗುಂಡಿಗೆ ಹಣ್ಣು, ಮೇವಿನ ಸಸಿ ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಅಂದರೆ ಇದೇ. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕೊನೆಗೆ ಆ ಕಂಪನಿಯೇ ಮುಚ್ಚಿತು.

ಪತ್ರಿಕೆಗೆ ಇಷ್ಟು ಸಾಕು. ನಮ್ಮ ಕೆಲಸ ಇಲ್ಲಿಂದ ಶುರು. ಆ ಜಮೀನು ಯಾರದ್ದು? ಕಾಗದದಲ್ಲಿ ಅದು ಕೆಲಸಕ್ಕೆ ಬಾರದ ಭೂಮಿ. ಅದೇ ಸೀಮೆಯ ಒಂದು ಊರಿನಲ್ಲಿ ಅಜ್ಜಿಯೊಬ್ಬರು ಅಂಥ ಗುಡ್ಡದಿಂದ ಏನೇನು ತರುತ್ತಿದ್ದರು ಅಂತ ಬೆರಳು ಮಡಚಿ ಎಣಿಸಿದರು: ಹುಲ್ಲು, ಸೌದೆ, ಸೊಪ್ಪು, ಕಸಬರಿಗೆ ಕಡ್ಡಿ, ಕಾರೆಹಣ್ಣು, ಬಾಣಂತಿಗೆ ಬೇರು. ಎರಡೂ ಕೈ ಮುಗಿದವು, ಮತ್ತೆ ಹೆಬ್ಬೆರಳಿಂದ ಶುರು ಮಾಡಿದರು. ನಾನು ಬರೆಯುವುದು ನಿಲ್ಲಿಸಿ ಸುಮ್ನೆ ಕೂತೆ. ಅಷ್ಟು ವರ್ಷ ಓದಿದ್ದ ನಾನೂ ಆ ಗುಡ್ಡವನ್ನು ಖಾಲಿ ಅಂತಲೇ ನೋಡಿದ್ದೆ.

ಅದೇ ಊರಿನಲ್ಲಿ ಕೆಲವರು ಹೋರಾಟದ ಹತ್ತಿರವೂ ಸುಳಿದಿರಲಿಲ್ಲ. ಗೋಮಾಳ ಒತ್ತುವರಿ ಮಾಡಿದ್ದವರು ಅವರು. ಅದನ್ನೂ ಬರೆದೆ. ಪರಿಚಯದವರಿಗೆ ಬೇಜಾರಾಯ್ತು. ಚಳವಳಿಯ ಮೇಲೆ ಪ್ರೀತಿ ಇರಲಿ, ಇರಲೇಬೇಕು. ಆದರೆ ಇಂಥದ್ದನ್ನು ಮುಚ್ಚಿಟ್ಟರೆ ನಿಮ್ಮ ಅಧ್ಯಯನವನ್ನು ಯಾರೂ ನಂಬುವುದಿಲ್ಲ.

ಅಮೆರಿಕದ ರಾಜಕೀಯ ವಿಜ್ಞಾನಿ ಎಲಿನರ್ ಆಸ್ಟ್ರಂ ಹೆಸರು ಕೇಳಿರಬಹುದು. ಕ್ಯಾಲಿಫೋರ್ನಿಯಾದಲ್ಲಿ ಅಂತರ್ಜಲವನ್ನು ಜನ ಹೇಗೆ ಹಂಚಿಕೊಳ್ಳುತ್ತಾರೆ ಅನ್ನುವುದರಿಂದ ಶುರು ಮಾಡಿದವರು. ಎಲ್ಲರಿಗೂ ಸೇರಿದ್ದನ್ನು ಜನ ತಾವೇ ನಿಯಮ ಮಾಡಿಕೊಂಡು ಕಾಪಾಡಬಲ್ಲರು ಅಂತ ತೋರಿಸಿದ್ದಕ್ಕೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ಅಷ್ಟರಲ್ಲಿ ಅವರಿಗೆ 76 ವರ್ಷ.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ನಿಮ್ಮೂರ ಗೋಮಾಳದ ಪಹಣಿ ತೆಗೆಸಿ. ಅದನ್ನು ಹಿಡಿದುಕೊಂಡು ಕುರಿ ಕಾಯುವವರ ಜೊತೆ ಒಂದು ದಿನ ಪೂರ್ತಿ ಅಲ್ಲಿ ನಡೆಯಿರಿ. ಮಳೆ ಬಿದ್ದು ಹದಿನೈದು ದಿನ ಆದ ಮೇಲೆ ಹೋಗಿ, ಹುಲ್ಲು ಎದ್ದಿರುತ್ತದೆ.