ಹೋ ಚಿ ಮಿನ್ ಸಿಟಿಯಿಂದ ನೋಮ್ ಪೆನ್‌ಗೆ ಅಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಬಹುದಾ?

ಖಂಡಿತ ಹೋಗಬಹುದು. ವಯಸ್ಸಾದ ಅಮ್ಮನಿಗೆ ಈ ಪ್ರಯಾಣ ಆಗುತ್ತಾ, ನಮ್ಮ ಪಾಸ್‌ಪೋರ್ಟಿಗೆ ಗಡಿಯಲ್ಲಿ ತೊಂದರೆ ಇದೆಯಾ, ಅಲ್ಲಿಂದ ಮುಂದೆ ಬ್ಯಾಂಕಾಕ್‌ಗೂ ಬಸ್ಸಲ್ಲೇ ಹೋಗಬಹುದಾ ಅಂತ ಕೇಳಿದ್ದೀರಿ. 2024ರ ಜನವರಿಯಲ್ಲಿ ನಾನು, ನನ್ನ ಹೆಂಡತಿ, ನಮ್ಮಮ್ಮ ಇದೇ ದಾರಿಯಲ್ಲಿ, ವಿಯೆಟ್ನಾಮಿನ ಹೋ ಚಿ ಮಿನ್ ಸಿಟಿಯಿಂದ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ಗೆ ಹೋಗಿದ್ದೆವು. ಅಮ್ಮನಿಗೆ ಆಗ 66. ರಸ್ತೆ ಅವರಿಗೆ ಏನೂ ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ನನಗೆ, ಅದೂ ಹೊರಡುವ ಮೊದಲೇ, ವೀಸಾ ಅರ್ಜಿ ತುಂಬುವಾಗ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ವಿಯೆಟ್ನಾಮಿಗೆ ನಮಗೆ ಇ-ವೀಸಾ ಬೇಕು. ಒಂದು ಸಲ ಒಳಗೆ ಹೋಗುವುದಕ್ಕೆ 25 ಡಾಲರ್, ಹಲವು ಸಲಕ್ಕೆ 50. 2023ರ ಆಗಸ್ಟ್‌ನಿಂದ 90 ದಿನದವರೆಗೂ ಕೊಡುತ್ತಾರೆ. ನಿಮ್ಮ ವಾಪಸ್ ವಿಮಾನ ಎಲ್ಲಿಂದ ಅಂತ ಮೊದಲು ನೋಡಿಕೊಳ್ಳಿ. ಹೋ ಚಿ ಮಿನ್ ಸಿಟಿಯಿಂದಲೇ ಊರಿಗೆ ಹಾರುವುದಾದರೆ ಕಾಂಬೋಡಿಯಾ ನೋಡಿಕೊಂಡು ನೀವು ಮತ್ತೆ ವಿಯೆಟ್ನಾಮಿನೊಳಗೆ ಬರಬೇಕು. ಒಂದೇ ಸಲದ ವೀಸಾ ಗಡಿ ದಾಟಿದ ಕೂಡಲೇ ಮುಗಿದುಹೋಗಿರುತ್ತದೆ. 25 ಡಾಲರ್ ಉಳಿಸಲು ಹೋಗಿ ಗಡಿಯಲ್ಲಿ ಅಮ್ಮನನ್ನು ನಿಲ್ಲಿಸಿಕೊಳ್ಳಬೇಡಿ.

ಇನ್ನೊಂದು ಹೆಸರಿನ ವಿಷಯ. ನಮ್ಮ ಕಡೆಯ ಎಷ್ಟೋ ಅಮ್ಮಂದಿರಂತೆ ನಮ್ಮಮ್ಮನ ಪಾಸ್‌ಪೋರ್ಟಿನಲ್ಲೂ ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ಖಾಲಿ ಬಿಟ್ಟರೆ ಅರ್ಜಿ ತಿರಸ್ಕಾರ ಆಗಬಹುದು ಅಂದುಕೊಂಡು ನಾನು ಅಲ್ಲಿ ಅಪ್ಪನ ಹೆಸರು ತುಂಬಿಬಿಟ್ಟೆ. ವೀಸಾ ಏನೋ ಬಂತು, ಆದರೆ ಪಾಸ್‌ಪೋರ್ಟಿನಲ್ಲಿ ಇಲ್ಲದ ಹೆಸರಿನಲ್ಲಿ ಬಂತು. ಹೊರಡಲು ಹನ್ನೆರಡು ದಿನ ಇರುವಾಗ ಹೆಂಡತಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಕಟ್ಟಿದ ಹಣ ವಾಪಸ್ ಬರಲ್ಲ. ಹೊಸದಾಗಿ ಅರ್ಜಿ ಹಾಕಿದೆ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ಇರುತ್ತದಲ್ಲ, ಅದರಲ್ಲಿ ಹೇಗಿದೆಯೋ ಹಾಗೇ ತುಂಬಿ. ಏನನ್ನೂ ಸೇರಿಸಬೇಡಿ, ಬಿಡಬೇಡಿ.

ಕಾಂಬೋಡಿಯಾದ ಪ್ರವಾಸಿ ವೀಸಾ 30 ಡಾಲರ್, ಗಡಿಯಲ್ಲಿ ಕಾಂಬೋಡಿಯಾ ಕಡೆಯ ಊರಾದ ಬವೆಟ್‌ನಲ್ಲೇ ಸಿಗುತ್ತದೆ. ಆದರೆ ನಮ್ಮ ಬಸ್ಸಿನ ಹುಡುಗ ಅದನ್ನು ಮಾಡಿಸಿಕೊಡಲು ತಲೆಗೆ 40 ಕೇಳುತ್ತಿದ್ದ. ನಾವು ಮೊದಲೇ ಇ-ವೀಸಾ ಮಾಡಿಸಿ, ತಲಾ ಎರಡೆರಡು ಪ್ರಿಂಟ್ ಇಟ್ಟುಕೊಂಡಿದ್ದೆವು. ಒಂದು ಒಳಗೆ ಹೋಗುವಾಗ, ಇನ್ನೊಂದು ಹೊರಗೆ ಬರುವಾಗ.

ಈಗ ದಾರಿ. ಸುಮಾರು 230 ಕಿ.ಮೀ., ಬೆಂಗಳೂರಿಂದ ಚಿಕ್ಕಮಗಳೂರಿಗೆ ಹೋದ ಹಾಗೆ. ಗಡಿಯೂ ಸೇರಿ ಆರರಿಂದ ಏಳು ಗಂಟೆ. ಫಾಮ್ ನ್ಗು ಲಾವ್ ಬೀದಿಯ ಆಸುಪಾಸಿನಿಂದ ಬಸ್ಸುಗಳು ಹೊರಡುತ್ತವೆ. ಬೆಳಗಿನ ಬಸ್ಸನ್ನೇ ಹಿಡಿಯಿರಿ, ಹಗಲಲ್ಲೇ ಊರು ಸೇರಬಹುದು. ಸ್ಲೀಪರ್ ಬೇಡ, ಸೀಟಿನ ಬಸ್ಸೇ ಇರಲಿ. ಅಲ್ಲಿನ ಸ್ಲೀಪರ್‌ಗಳಲ್ಲಿ ಬಾಗಿಲಲ್ಲೇ ಚಪ್ಪಲಿ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹತ್ತಬೇಕು. ಗಡಿಯಲ್ಲಿ ಹತ್ತಿ ಇಳಿಯುವುದು ಇದ್ದೇ ಇರುತ್ತದೆ, ಮಂಡಿನೋವು ಇರುವವರಿಗೆ ಸುಮ್ನೆ ಹಿಂಸೆ.

ಊಟಕ್ಕೆ ಒಂದು ಪದ ಕಲಿತುಕೊಳ್ಳಿ: ಚಾಯ್ (chay). ವಿಯೆಟ್ನಾಮಿನಲ್ಲಿ ಹಾಗಂದರೆ ಸಸ್ಯಾಹಾರ. ಬೋರ್ಡಿನ ಮೇಲೆ ಆ ಪದ ಇದ್ದರೆ ಧೈರ್ಯವಾಗಿ ಒಳಗೆ ಹೋಗಿ. ಅಲ್ಲಿ ಬಹಳ ಜನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಗೆ ಮಾಂಸ ಬಿಡುತ್ತಾರೆ. ಅದನ್ನು ಹೇಳಿದ್ದೇ ತಡ, ಅಮ್ಮನಿಗೆ ಆ ಊರಿನ ಮೇಲೆ ಅಭಿಮಾನ ಬಂದುಬಿಟ್ಟಿತು. ಬಸ್ಸಿನ ದಿನಕ್ಕೆ ಮಾತ್ರ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡಿದ್ದೆವು.

ಬಸ್ ಹೊರಟ ಸ್ವಲ್ಪ ಹೊತ್ತಿಗೆ ಆ ಹುಡುಗ ಎಲ್ಲರ ಪಾಸ್‌ಪೋರ್ಟ್ ತೆಗೆದುಕೊಂಡು ರಬ್ಬರ್ ಬ್ಯಾಂಡ್ ಹಾಕಿಟ್ಟುಕೊಂಡ. "ಕೊಟ್ಟೇಬಿಟ್ಯಾ?" ಅಂತ ಅಮ್ಮ ನನ್ನ ತೋಳು ಹಿಡಿದುಕೊಂಡರು. ಇದು ಅಲ್ಲಿನ ಪದ್ಧತಿ, ಹೆದರಬೇಡಿ. ನಿಮ್ಮ ಅಮ್ಮನಿಗೂ ಮೊದಲೇ ಹೇಳಿಡಿ. ವಿಯೆಟ್ನಾಮಿನ ಕಡೆಯ ಮೊಕ್ ಬಾಯ್‌ನಲ್ಲಿ ಅವನೇ ಕಟ್ಟನ್ನು ಕಿಟಕಿಯಲ್ಲಿ ಕೊಡುತ್ತಾನೆ. ಒಬ್ಬೊಬ್ಬರದಾಗಿ ಹೆಸರು ಕರೆಯುತ್ತಾರೆ. ಅಮ್ಮನ ಉದ್ದ ಹೆಸರನ್ನು ಮೂರು ತುಂಡು ಮಾಡಿ ಕರೆದಾಗ ನಮಗ್ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಹುಡುಗ ಫೋಟೋ ಪುಟ ತೆರೆದು ಎತ್ತಿ ಹಿಡಿದ. "ಅಯ್ಯೋ, ನಂದು" ಅಂತ ಅಮ್ಮ ಮುಂದೆ ಹೋದರು.

ಬವೆಟ್‌ನಲ್ಲಿ ಬೆರಳಚ್ಚು ತೆಗೆಯುತ್ತಾರೆ. ಅಮ್ಮನ ಬೆರಳು ಯಂತ್ರಕ್ಕೆ ಹತ್ತಲೇ ಇಲ್ಲ. ನಲವತ್ತು ವರ್ಷ ಗದ್ದೆ, ಕೊಟ್ಟಿಗೆ, ಪಾತ್ರೆ ಅಂತ ಸವೆದ ಬೆರಳುಗಳು. ನಮ್ಮೂರ ನ್ಯಾಯಬೆಲೆ ಅಂಗಡಿಯಲ್ಲೂ ಇದೇ ಕತೆ. ಹಿಂದೆ ಸಾಲು ಬೆಳೆಯುತ್ತಿತ್ತು, ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅಮ್ಮನಿಗೆ ಮಾತ್ರ ಅಭ್ಯಾಸ. ಸೆರಗಿನಲ್ಲಿ ಗಾಜನ್ನು ಒರೆಸಿದರು, ಬೆರಳಿಗೆ ಬಾಯಿಂದ ಹಬೆ ಊದಿದರು, ಒತ್ತಿ ಹಿಡಿದರು. ಐದನೇ ಸಲಕ್ಕೆ ಹಸಿರು ದೀಪ ಬಂತು. ಕಿಟಕಿಯ ಹಿಂದಿದ್ದ ಅಧಿಕಾರಿ ತಾಳ್ಮೆಯಿಂದ ಕಾದರು, ಸ್ಟಾಂಪ್ ಒತ್ತಿ ಎರಡೂ ಕೈಯಲ್ಲಿ ಪಾಸ್‌ಪೋರ್ಟ್ ಕೊಟ್ಟರು. ಅಮ್ಮ ಅದನ್ನು ಈಗಲೂ ಹೇಳುತ್ತಾರೆ.

ಅಲ್ಲೇ ನಿಂತು ಎರಡು ಸ್ಟಾಂಪ್ ನೋಡಿಕೊಳ್ಳಿ: ವಿಯೆಟ್ನಾಮ್ ಬಿಟ್ಟದ್ದು, ಕಾಂಬೋಡಿಯಾ ಸೇರಿದ್ದು. ದಿನಾಂಕ ಸರಿಯಿದೆಯಾ ಓದಿ. ಹೆಚ್ಚು ದಿನ ಉಳಿದರೆ ಕಾಂಬೋಡಿಯಾದಲ್ಲಿ ದಿನಕ್ಕೆ 10 ಡಾಲರ್ ದಂಡ. ತಪ್ಪಿದ್ದರೆ ಆ ಕಿಟಕಿಯಲ್ಲೇ ಸರಿಮಾಡಿಸಬೇಕು, ಬಸ್ ಹೊರಟ ಮೇಲೆ ಅಲ್ಲ. ಡಾಲರ್ ನೋಟುಗಳು ಹರಿಯದೆ, ಕಲೆಯಿಲ್ಲದೆ ಇರಲಿ, ಅಲ್ಲಿ ಹಳೇ ನೋಟು ಮುಟ್ಟಲ್ಲ. ಚಿಲ್ಲರೆ ರಿಯೆಲ್‌ನಲ್ಲಿ ಬರುತ್ತದೆ, ಡಾಲರಿಗೆ ಸುಮಾರು 4000.

ಬವೆಟ್‌ನ ಕ್ಯಾಸಿನೋ ಸಾಲು ದಾಟಿದರೆ ಬರೀ ಗದ್ದೆ, ನಡುನಡುವೆ ತಾಳೆಮರ. "ಥೇಟ್ ನಮ್ ಮಂಡ್ಯ ಇದ್ದಂಗದೆ ಕಣೋ, ತೆಂಗಿನ್ ಬದ್ಲು ತಾಳೆ ಅಷ್ಟೇ" ಅಂದರು ಅಮ್ಮ. ನ್ಯಾಕ್ ಲೋಂಗ್ ಹತ್ತಿರ ಮೆಕಾಂಗ್ ನದಿ ಬರುತ್ತದೆ. ಮೊದಲು ಬಸ್ಸನ್ನೇ ದೋಣಿಗೆ ಹತ್ತಿಸಿ ದಾಟಿಸುತ್ತಿದ್ದರು. ಜಪಾನಿನ ನೆರವಿನಿಂದ ಕಟ್ಟಿದ ಸೇತುವೆ 2015ರಲ್ಲಿ ತೆರೆಯಿತು, ಎರಡು ಕಿ.ಮೀ.ಗಿಂತ ಉದ್ದ. ಅಮ್ಮನಿಗೆ ಕಿಟಕಿ ಸೀಟೇ ಕೊಡಿ. ನಮ್ಮಮ್ಮ ಚಪ್ಪಲಿ ಬಿಟ್ಟು ನದಿಗೆ ಕೈ ಮುಗಿದರು, ಕಾವೇರಿ ಸೇತುವೆ ಮೇಲೆ ಮುಗಿಯುವ ಹಾಗೇ. ವಿಮಾನದಲ್ಲಿ ಹೋಗಿದ್ದರೆ ಇದೆಲ್ಲ ಅವರಿಗೆ ಎಲ್ಲಿ ಸಿಗುತ್ತಿತ್ತು? ನಿಮಗೆ ಬಸ್ಸೇ ಸರಿ ಅಂತ ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಏಪ್ರಿಲ್ ಮಧ್ಯದಲ್ಲಿ ಕಾಂಬೋಡಿಯಾದ ಹೊಸ ವರ್ಷ, ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ವಿಯೆಟ್ನಾಮಿನ ತೆತ್ ಹಬ್ಬ. ಆ ವಾರಗಳಲ್ಲಿ ಬಸ್ಸು, ಗಡಿ ಎರಡೂ ತುಂಬಿರುತ್ತವೆ. ಬಿಟ್ಟುಬಿಡಿ.

ಬ್ಯಾಂಕಾಕ್ ಮಾತ್ರ ಬೇರೆ ವಿಷಯ. ಮೊದಲೆಲ್ಲ ಕಾಂಬೋಡಿಯಾದ ಸಿಯೆಮ್ ರೀಪ್‌ನಿಂದ ಥಾಯ್ಲೆಂಡ್ ಗಡಿಯ ಪೊಯ್ಪೆಟ್ ಮೂಲಕ ಬಸ್ಸಲ್ಲೇ ಹೋಗುತ್ತಿದ್ದರು. 2025ರ ಜುಲೈನಲ್ಲಿ ಥಾಯ್ಲೆಂಡ್, ಕಾಂಬೋಡಿಯಾ ಸೈನ್ಯಗಳ ನಡುವೆ ಕಾಳಗವೇ ಆಯಿತು, ಗಡಿ ದಾರಿಗಳು ಮುಚ್ಚಿದವು, ಡಿಸೆಂಬರ್‌ನಲ್ಲಿ ಮತ್ತೆ ಗುಂಡು ಹಾರಿತು. ಆ ದಾರಿಯನ್ನು ನಂಬಿಕೊಂಡು ಟಿಕೆಟ್ ಮಾಡಿಸಬೇಡಿ. ಅಂಕೋರ್ ವಾಟ್ ನೋಡಿಕೊಂಡು ಸಿಯೆಮ್ ರೀಪ್‌ನಿಂದ ವಿಮಾನ ಹತ್ತಿ. 2023ರಲ್ಲಿ ತೆರೆದ ಹೊಸ ನಿಲ್ದಾಣ ಊರಿಂದ ದೂರ ಇದೆ, ಕಾರಿಗೆ ಒಂದು ಗಂಟೆ ಇಟ್ಟುಕೊಳ್ಳಿ.