ನೀವು ಕೇಳಿದಿರಿ: ಲಿಸ್ಬನ್ನಿನಲ್ಲಿ ಕೂತು ಲಂಡನ್ನಿನ ಖರ್ಚು

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಯಾರ ಕಡೆಗೂ ಸೇರದ ಪೋರ್ಚುಗಲ್ ಗೂಢಚಾರರ ಸಂತೆಯಾಗಿತ್ತಂತೆ. ಯುದ್ಧವೇ ಇಲ್ಲದ ಊರಲ್ಲಿ ಅವರಿಗೇನು ಕೆಲಸ ಸಾರ್?
– ಓದುಗರೊಬ್ಬರು, ಶಿರಸಿ

ಉತ್ತರ: ಯುದ್ಧ ಇಲ್ಲದ್ದಕ್ಕೇ ಕೆಲಸ ಜಾಸ್ತಿ. ಲಿಸ್ಬನ್ನಿನಲ್ಲಿ ಬ್ರಿಟನ್ನಿನವರೂ ಕಚೇರಿ ಇಟ್ಟಿದ್ದರು, ಜರ್ಮನ್ನರೂ ಇಟ್ಟಿದ್ದರು. ಇಂಗ್ಲೆಂಡಿನಿಂದ ವಿಮಾನ ಬಂದು ಹೋಗುತ್ತಿತ್ತು. ಶತ್ರುವಿನ ಊರಿನ ಸುದ್ದಿ ಕೈಗೆ ಸಿಗಬೇಕಾದರೆ ಇಂಥ ನಡುವಿನ ಊರೊಂದು ಬೇಕು, ಅಲ್ವಾ?

ಅಲ್ಲಿದ್ದವರಲ್ಲಿ ನನಗೆ ಇಷ್ಟವಾದ ಆಸಾಮಿ ಹ್ವಾನ್ ಪುಜೋಲ್. ಬಾರ್ಸಿಲೋನಾದವನು, ಕೋಳಿ ಸಾಕಿ ಕೈ ಸುಟ್ಟುಕೊಂಡವನು. 1941ರಲ್ಲಿ ಬ್ರಿಟಿಷರ ಬಳಿ ಹೋಗಿ ನಿಮ್ಮ ಬೇಹುಗಾರನಾಗುತ್ತೇನೆ ಎಂದ. ಅವರು ಕ್ಯಾರೇ ಅನ್ನಲಿಲ್ಲ. ಸರಿ, ಹಿಟ್ಲರನ ಭಕ್ತನ ವೇಷ ಹಾಕಿ ಮ್ಯಾಡ್ರಿಡ್‌ನ ಜರ್ಮನ್ನರ ಬಳಿ ಹೋದ. ಅವರು ಕಾಣದ ಶಾಯಿ, 600 ಪೌಂಡ್ ಕೊಟ್ಟು ಇಂಗ್ಲೆಂಡಿಗೆ ಹೊರಡು ಎಂದರು. ಇವನು ಹೋದದ್ದು ಲಿಸ್ಬನ್ನಿಗೆ! ಪ್ರವಾಸಿ ಕೈಪಿಡಿ, ಭೂಪಟ, ರೈಲಿನ ವೇಳಾಪಟ್ಟಿ ಹರಡಿಕೊಂಡು ಅಲ್ಲಿಂದಲೇ 'ಲಂಡನ್ ವರದಿ' ಬರೆದ. ಕಾಗದಕ್ಕೆ ಲಿಸ್ಬನ್ ಮುದ್ರೆ ಯಾಕೆ? ವಿಮಾನದವನೊಬ್ಬ ತಂದು ಅಂಚೆಗೆ ಹಾಕುತ್ತಾನೆ, ಅಷ್ಟೇ ಎಂದು ಜರ್ಮನ್ನರಿಗೆ ಹೇಳಿದ.

ನಾನು ಮೂವತ್ತೊಂದು ವರ್ಷ ಟಿ.ಎ. (ಪ್ರಯಾಣ ಭತ್ಯೆ) ಬಿಲ್ ನೋಡಿದ ಗುಮಾಸ್ತ. ಒಬ್ಬರು ಬಸ್ ಮುಷ್ಕರದ ದಿನವೇ ಬಸ್ಸಿನಲ್ಲಿ ಹಾಸನಕ್ಕೆ ಹೋಗಿಬಂದಿದ್ದರು. ಹಾಗಾಗಿ ಪುಜೋಲನ ಖರ್ಚಿನ ಪಟ್ಟಿಯ ಕಥೆ ಓದಿದಾಗ ಸುಮ್ನೆ ನಗು ಬಂತು. ಆಗ ಇಂಗ್ಲೆಂಡಿನಲ್ಲಿ 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ನಮ್ಮ ಹಳೇ ಆಣೆ-ಪೈ ಥರ. ಇಂಗ್ಲೆಂಡನ್ನೇ ನೋಡದವನಿಗೆ ಅದನ್ನು ಕೂಡಲು ಎಲ್ಲಿ ಬರಬೇಕು? ಖರ್ಚನ್ನು ಒಂದೊಂದಾಗಿ ಬರೆದು, ಒಟ್ಟು ಮೊತ್ತ ಆಮೇಲೆ ಕಳಿಸುತ್ತೇನೆ ಎಂದುಬಿಟ್ಟ. ನನ್ನ ಮೇಜಿಗೆ ಬಂದಿದ್ದರೆ ಕೆಂಪು ಶಾಯಿ ಬಿದ್ದು ವಾಪಸ್ ಹೋಗುತ್ತಿತ್ತು. ಗ್ಲಾಸ್ಗೋದ ಜನ ಒಂದು ಲೀಟರ್ ವೈನ್ ಕೊಟ್ಟರೆ ಏನು ಬೇಕಾದರೂ ಮಾಡುತ್ತಾರೆ ಎಂದೂ ಬರೆದಿದ್ದ. ವಿಸ್ಕಿಯ ಊರಲ್ಲಿ ವೈನು, ಅದೂ ಲೀಟರ್ ಲೆಕ್ಕದಲ್ಲಿ! ಜರ್ಮನ್ನರು ಅದನ್ನೂ ನುಂಗಿಕೊಂಡರು.

1942ರಲ್ಲಿ ಬ್ರಿಟಿಷರೇ ಅವನನ್ನು ಕರೆಸಿಕೊಂಡು 'ಗಾರ್ಬೊ' ಎಂದು ಹೆಸರಿಟ್ಟರು. ಅವನ ಕೈಕೆಳಗೆ 27 ಬೇಹುಗಾರರು ಎಂದು ಜರ್ಮನ್ನರು ನಂಬಿದ್ದರು. ಒಬ್ಬನೂ ಇರಲಿಲ್ಲ. 1944ರಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಬ್ರಿಟನ್ ಕಡೆಯ ಸೈನ್ಯ ಇಳಿದಾಗ, ಇದು ಬರೀ ನಾಟಕ, ನಿಜವಾದ ದಾಳಿ ಅದೇ ದೇಶದ ಕ್ಯಾಲೆ ಕಡೆ ಬರುತ್ತದೆ ಎಂದು ಇವನು ಬರೆದದ್ದನ್ನೂ ನಂಬಿದರು. ಆ ವರ್ಷ ಜರ್ಮನಿಯಿಂದ ಐರನ್ ಕ್ರಾಸ್ ಪದಕ, ಬ್ರಿಟನ್ನಿನಿಂದ ಎಂ.ಬಿ.ಇ. ಎಂಬ ಗೌರವ, ಎರಡೂ ಅವನಿಗೇ.

ಆ 27ರಲ್ಲಿ ಒಬ್ಬ ಲಿವರ್‌ಪೂಲ್‌ನಲ್ಲಿದ್ದ, ಅಂದರೆ ಕಾಗದದಲ್ಲಿದ್ದ. ಅಲ್ಲಿಂದ ದೊಡ್ಡ ಹಡಗುಪಡೆ ಹೊರಟರೂ ಅವನು ಯಾಕೆ ತಿಳಿಸಲಿಲ್ಲ ಎಂದು ಜರ್ಮನ್ನರು ಕೇಳಬಹುದಲ್ಲ? ಅದಕ್ಕೆ ಅವನಿಗೆ ಕಾಯಿಲೆ ಬರಿಸಿ ಸಾಯಿಸಿದರು. ಪತ್ರಿಕೆಯಲ್ಲಿ ನಿಧನವಾರ್ತೆಯೂ ಬಂತು. ಜರ್ಮನ್ನರು ಮರುಗಿ ಅವನ 'ಹೆಂಡತಿ'ಗೆ ಪಿಂಚಣಿ ಕೊಟ್ಟರು. ನಾನಾದರೋ ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿಗೆ ಹೋಗಿ, ಬೆರಳು ಒತ್ತಿ, ಬದುಕಿದ್ದೇನೆ ಅಂತ ತೋರಿಸಬೇಕು. ಹೋದ ಸಲ ಬೆರಳಚ್ಚು ನಾಲ್ಕು ಸಲ ಒತ್ತಿದರೂ ಹೊಂದಲಿಲ್ಲ.