ಕ್ರೋಶೆ ಗೊಂಬೆಗೂ ಐಎಸ್‌ಐ ಗುರುತು ಬೇಕೇ?

ಅಕ್ಕಾ, ನಿಮ್ಮ ಕ್ರೋಶೆ ಗೊಂಬೆಗಳಿಗೆ ಆನ್‌ಲೈನ್ ಅಂಗಡಿಯವರು ಐಎಸ್‌ಐ ಪರವಾನಗಿ ಸಂಖ್ಯೆ ಕೇಳುತ್ತಿದ್ದಾರೆ, ‘ಕೈಯಿಂದ ಮಾಡಿದ್ದು’ ಎಂದು ಬರೆದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ‘ಅಲಂಕಾರಕ್ಕೆ ಮಾತ್ರ’ ಎಂದು ಚೀಟಿ ಅಂಟಿಸುವ ಸಲಹೆಯನ್ನೂ ಒಬ್ಬರು ಕೊಟ್ಟಿದ್ದಾರೆ. ಅದನ್ನಂತೂ ಮಾಡಬೇಡಿ. 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದೇ ಮಾಡಿದ್ದು ಎಂದು ನೋಡಿದೊಡನೆ ತಿಳಿದರೆ ಕಾನೂನಿನ ಕಣ್ಣಿಗೆ ಅದು ಆಟಿಕೆಯೇ. ಕಿವಿ ಜೋತುಬಿದ್ದ ಮೊಲವನ್ನು ಶೋಕೇಸಿನ ವಸ್ತು ಎಂದರೆ ಯಾರು ನಂಬುತ್ತಾರೆ?

ಆಟಿಕೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡಿದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಗುರುತಿಲ್ಲದೆ ಮಾರಿದರೆ 2016ರ ಬಿಐಎಸ್ (ಐಎಸ್‌ಐ ಗುರುತು ಕೊಡುವ ಭಾರತೀಯ ಮಾನಕ ಸಂಸ್ಥೆ) ಕಾಯ್ದೆ ಹೇಳುವ ದಂಡ ಮೊದಲ ತಪ್ಪಿಗೇ ಕನಿಷ್ಠ 2 ಲಕ್ಷ ರೂಪಾಯಿ. ಪರವಾನಗಿ ಪಡೆಯೋಣವೆಂದರೆ ತಯಾರಿಕಾ ಸ್ಥಳದ ತಪಾಸಣೆ, ಪ್ರಯೋಗಾಲಯದ ಖರ್ಚು, ವರ್ಷವರ್ಷವೂ ಶುಲ್ಕ. ತಿಂಗಳಿಗೆ ಹದಿನೈದು ಗೊಂಬೆ ಹೆಣೆಯುವವರಿಗೆ ನೂಲಿನ ದುಡ್ಡೂ ಹುಟ್ಟುವುದಿಲ್ಲ.

ನಿಮಗೆ ಬೇರೆ ದಾರಿಯಿದೆ. 2020ರ ಡಿಸೆಂಬರ್‌ನಲ್ಲೇ ಆದೇಶಕ್ಕೆ ತಿದ್ದುಪಡಿ ತಂದು, ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ವಸ್ತುಗಳನ್ನು ಹೊರಗಿಟ್ಟಿದ್ದಾರೆ. ಅಲ್ಲಿ ಕೊಡುವ ಗುರುತಿನ ಚೀಟಿಯನ್ನೇ ಎಲ್ಲರೂ ಪೆಹಚಾನ್ ಕಾರ್ಡ್ ಎನ್ನುವುದು. ವಿನಾಯಿತಿ ಇರುವುದು ನಿಮ್ಮ ಹೆಸರಿಗೆ, ನೆನಪಿರಲಿ. ನಿಮ್ಮ ಓರಗಿತ್ತಿ ಹೆಣೆದ ಗೊಂಬೆಯನ್ನು ನಿಮ್ಮ ಚೀಟಿಯ ಮೇಲೆ ಮಾರುವಂತಿಲ್ಲ.

ಜೊತೆಗೆ ಮಾರುವ ಚನ್ನಪಟ್ಟಣದ ಗಿಲಕಿಗಳ ಮಾತು ಬೇರೆ. ಅವಕ್ಕೆ ಆ ಊರಿನದೇ ವಿಶಿಷ್ಟ ವಸ್ತು ಎನ್ನುವ ಭೌಗೋಳಿಕ ಸೂಚ್ಯಂಕದ (ಜಿಐ) ನೋಂದಣಿಯಿದೆ. ಆ ಸೂಚ್ಯಂಕದ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡ ತಯಾರಕರಿಗೂ ಆದೇಶದಿಂದ ವಿನಾಯಿತಿಯಿದೆ. ಆ ನೋಂದಣಿಯ ಪ್ರತಿ ಮತ್ತು ಬಿಲ್ಲು ಎರಡನ್ನೂ ಕೇಳಿ ಪಡೆದು ಇಟ್ಟುಕೊಳ್ಳಿ. ಹೆದ್ದಾರಿಯ ಬದಿಯಲ್ಲಿ ಆ ಊರಿನ ಹೆಸರು ಹೇಳಿ ಮಾರುವುದೆಲ್ಲ ಲೇತ್ ಯಂತ್ರದ ಮೇಲೆ ಮರ ತಿರುಗಿಸಿ ಅರಗು ಹಚ್ಚಿದ ಅಸಲಿ ಸರಕಲ್ಲ.

ಕಾಗದದಲ್ಲಿ ವಿನಾಯಿತಿ ಸಿಕ್ಕ ಮಾತ್ರಕ್ಕೆ ಮಗುವಿನ ಗಂಟಲು ದೊಡ್ಡದಾಗುವುದಿಲ್ಲವಲ್ಲ! ಮೂರು ವರ್ಷದೊಳಗಿನವರ ಆಟಿಕೆಯಿಂದ ಕಳಚುವ ಯಾವ ಚೂರೂ 31.7 ಮಿಲಿಮೀಟರ್ ವ್ಯಾಸದ ಪುಟ್ಟ ಕೊಳವೆಯೊಳಗೆ ಹಿಡಿಯಬಾರದು ಎಂಬುದು ನಿಯಮ. ಅದು ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪವೇ ಅಗಲ. ಗೊಂಬೆಯ ಕಣ್ಣನ್ನು ಪ್ರಯೋಗಾಲಯದಲ್ಲಿ ಸುಮಾರು ಏಳು ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತಾರೆ. ನಾನೂ ಒಮ್ಮೆ ಆನೆಮರಿಯನ್ನು ಬಾಲ್ಕನಿಯ ಕೊಕ್ಕೆಗೆ ಸಿಕ್ಕಿಸಿ, ಕಣ್ಣಿನ ಮಣಿಗೆ ದಾರ ಕಟ್ಟಿ, ಬಕೆಟ್ ತೂಗುಬಿಟ್ಟು ಚೊಂಬಿನಿಂದ ನೀರು ಹುಯ್ಯುತ್ತಾ ಹೋದೆ. ಮೂರನೆಯ ಚೊಂಬಿಗೇ ಮಣಿ ಕಿತ್ತು ಬಕೆಟ್ ಕಾಲ ಮೇಲೆ ಬಿತ್ತು. ಹಿಂದೆ ವಾಷರ್ ಒತ್ತಿ ಕೂರಿಸಿದ ‘ಸೇಫ್ಟಿ’ ಕಣ್ಣು ಅದು! ಅಂದಿನಿಂದ ಕೂಸುಗಳ ಗೊಂಬೆಗೆಲ್ಲ ನೂಲಿನಲ್ಲೇ ಕಣ್ಣು ಕಸೂತಿ ಮಾಡುತ್ತೇನೆ. ಹತ್ತಿ ತುಂಬುವ ಮುನ್ನ ಹೊಲಿಗೆಯನ್ನೂ ಎರಡು ಸಲ ಹಾಕುತ್ತೇನೆ.

ಅಮೆರಿಕದಲ್ಲಿರುವ ಮಗಳ ಮೂಲಕ ಮಾರುವ ಯೋಚನೆಯಿದ್ದರೆ ಪೆಹಚಾನ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಅಲ್ಲಿನದು 2008ರ ಬೇರೆ ಕಾನೂನು.

ಕಾರ್ಡ್ ಪರಿಶೀಲನೆಗೆ ಹೋಗುವಾಗ ಮುಗಿದ ಗೊಂಬೆಗಳ ಜೊತೆ ಕಡ್ಡಿ, ನೂಲು, ಅರ್ಧ ಹೆಣೆದ ಒಂದು ಗೊಂಬೆಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ನನಗೆ ಅಧಿಕಾರಿಯ ಎದುರಿಗೇ ಎರಡು ಸುತ್ತು ಹೆಣೆದು ತೋರಿಸಿ ಎಂದಿದ್ದರು.